‘ತಡಿ, ಇನ್ನೂ ಬರಿಬ್ಯಾಡ’

ಹುರಿದ ಶೇಂಗಾವನ್ನು ಮೊರದಲ್ಲಿ ಹಾಕಿ ಕೇರುತ್ತಿದ್ದೆ. ಕೆಂಪು ಸಿಪ್ಪೆ ಹಾರಿ ತೋಳಿಗೆ, ಸೆರಗಿಗೆ ಅಂಟುತ್ತಿತ್ತು. ಮಿರಜದ ಆಸ್ಪತ್ರೆಯಲ್ಲಿ ಮಲಗಿದ್ದ ನನ್ನ ನೆಗೆಣ್ಣಿ ಬಾಯಿಗೆ ರುಚಿಯೇ ಇಲ್ಲವೆಂದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ ಕೇಳಿದ್ದಳು. ಅದನ್ನು ಕುಟ್ಟಿಕೊಂಡು ಮಧ್ಯಾಹ್ನದ ಬಸ್ಸಿಗೆ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಮೈದುನನ ಫೋನು ಬಂತು. “ವೈನಿ...” ಅಂದ. ಅಳತೊಡಗಿದ. ಮುಂದಿನದನ್ನು ನನಗೆ ಕೇಳುವುದು ಬೇಕಿರಲಿಲ್ಲ. ಕೊನೆಗೆ ಆಕೆ ನಿದ್ದೆಯಲ್ಲಿಯೇ ಹೋದಳಂತೆ. ನಮ್ಮ ಮನೆದೇವರು ತಾಯಿ ದಾನಮ್ಮ ಅಷ್ಟನ್ನಾದರೂ ಕೊಟ್ಟಳು.

ಆಕೆ ನನ್ನ ಮೈದುನನ ಹೆಂಡತಿ. ಸಾಂಗಲಿಯ ಒಂದು ಸಣ್ಣ ಕಂಪನಿಯ ಸಾಫ್ಟ್‌ವೇರ್ ಕೆಲಸವನ್ನು ಜತ್ತಿನ ನಮ್ಮ ಮನೆಯಿಂದಲೇ ಮಾಡುತ್ತಿದ್ದಳು. ಮುಂಜಾನೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಅಡುಗೆಮನೆಯ ಹೊಸ್ತಿಲ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂಡುವಳು. ಈಗೀಗ ಕೋಡನ್ನು ಎಐ ಏಜೆಂಟೇ ಬರೆಯುತ್ತದೆ, ಏನು ಬೇಕೆಂದು ನಾವು ಹೇಳಿದರಾಯಿತು ಅಂತ ಆಕೆಯೇ ನನಗೆ ತಿಳಿಸಿದ್ದು. ಆದರೆ ಆಕೆ ಅದಕ್ಕೆ ಒಮ್ಮೆಲೇ ಬರೆಯಲು ಬಿಡುತ್ತಿರಲಿಲ್ಲ. ಪರದೆಯ ಮುಂದೆ ತೋರುಬೆರಳು ಎತ್ತಿ, ಅದಕ್ಕೆ ಕಾಣುತ್ತದೆಯೋ ಎಂಬಂತೆ, “ತಡಿ, ಇನ್ನೂ ಬರಿಬ್ಯಾಡ. ಮೊದಲ ಏನು ಮಾಡಾಂವ ಇದ್ದಿ, ಅದನ್ನ ಹೇಳು” ಅನ್ನುವಳು.

“ಅದೇನು ನಿನ್ನ ಸೊಸೀ ಏನು, ಅಷ್ಟು ಗದರಸ್ತಿ?” ಅಂತ ನಾನು ಕಾಡುತ್ತಿದ್ದೆ.

“ಸೊಸಿ ಇದ್ದಿದ್ರ ಒಮ್ಮೆರ ಎದುರುತ್ತರಾ ಕೊಡ್ತಿದ್ಲು ಅಕ್ಕಾರ. ಇದು ಎಲ್ಲಾದಕ್ಕೂ ಹೌದು, ಮಾಡ್ತೀನಿ ಅಂತದ. ಅದಕ್ಕ ಅಂಜಿಕಿ ನನಗ.”

ಆ ಅಂಜಿಕೆ ಬಂದದ್ದು ತಿಕೋಂಡಿ ಎಂಬ ಹಳ್ಳಿಯಿಂದ. ಹಳ್ಳಿಗಳಲ್ಲಿ ಬಸುರಿಯರನ್ನು ನೋಡಿಕೊಳ್ಳುವ ಒಂದು ಸಂಸ್ಥೆಯ ಸಾಫ್ಟ್‌ವೇರ್ ಕೆಲಸವನ್ನು ಆಕೆಯೇ ಮಾಡುತ್ತಿದ್ದಳು. ತಪಾಸಣೆಯ ದಿನ ಬಂದರೆ ಅವರ ಮೊಬೈಲಿಗೆ ಸಂದೇಶ ಹೋಗುತ್ತಿತ್ತು. ಹುಟ್ಟಿದ ಮಕ್ಕಳ ಲಸಿಕೆಗೂ ಹಾಗೆಯೇ ಹೋಗಲಿ, ಲಗೂನ ಮಾಡಿಕೊಡ್ರಿ ಅಂತ ಸಂಸ್ಥೆಯವರು ಬೆನ್ನುಹತ್ತಿದರು. ಆಕೆ ಏಜೆಂಟಿಗೆ ಹೇಳಿದಳು, ಅದು ಚಹಾ ಆರುವುದರೊಳಗೆ ಬರೆದು ಮುಗಿಸಿತು. ಎಲ್ಲರಿಗೂ ಖುಷಿ.

ನಮ್ಮ ಕಡೆ ಕುಬಸದ ಶಾಸ್ತ್ರ ಮಾಡಿ ಹೆಣ್ಣುಮಕ್ಕಳನ್ನು ಹೆರಿಗೆಗೆ ತವರಿಗೆ ಕಳಿಸುತ್ತೇವೆ. ತವರಿನಲ್ಲಿ ಏನಾಯಿತೆಂಬುದು ಇಲ್ಲಿಯ ಸಂಸ್ಥೆಗೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಏಜೆಂಟ್ ಬರೆದ ಕೋಡು ಹೆರಿಗೆಯ ಅಂದಾಜು ತಾರೀಖು ದಾಟಿತೆಂದರೆ ಮಗು ಹುಟ್ಟಿದೆ ಅಂತಲೇ ಹಿಡಿಯುತ್ತಿತ್ತು. ತಿಕೋಂಡಿಯ ಒಬ್ಬ ಸೊಸೆ ವಿಜಯಪುರದ ಕಡೆಯ ತವರಿಗೆ ಹೋಗಿ, ಕೂಸನ್ನು ಮಣ್ಣಿಗೆ ಕೊಟ್ಟು, ಬರಿಗೈಲೆ ತಿರುಗಿ ಬಂದಿದ್ದಳು. ಆಕೆಯ ಮೊಬೈಲಿಗೆ ಸಂದೇಶ ಹೋಯಿತು: ಅಭಿನಂದನೆ, ನಿಮ್ಮ ಮಗುವಿಗೆ ಲಸಿಕೆ ಹಾಕಿಸುವ ದಿನ ಬಂದಿದೆ.

ಸುದ್ದಿ ತಿಳಿದ ದಿನ ನೆಗೆಣ್ಣಿ ಊಟ ಮಾಡಲಿಲ್ಲ. ಮರುದಿನ ನನ್ನನ್ನೂ ಕರೆದುಕೊಂಡು ತಿಕೋಂಡಿಗೆ ಹೋದಳು. ಆ ಮನೆಯ ಅತ್ತೆ ಒಳಗೆ ಕರೆಯಲಿಲ್ಲ. “ಇನ್ನೇನು ಹೇಳೂದು ಉಳದದ? ಮೊಬೈಲ್ ಎಲ್ಲಾ ಹೇಳ್ಯದಲ್ಲ!” ಅಂದಳು. ನಾನು ಮಧ್ಯೆ ಬಾಯಿ ಹಾಕಿ, “ಅದು ಮಷೀನಿನ ತಪ್ಪು ಆಗ್ಯದರಿ” ಅನ್ನಹೋದೆ. ನೆಗೆಣ್ಣಿ ನನ್ನ ಕೈ ಹಿಡಿದಳು.

“ಮಷೀನಿಂದಲ್ರಿ. ನಾ ಮೊದಲ ಕುಂತು ವಿಚಾರ ಮಾಡಬೇಕಾಗಿತ್ತು, ಮಾಡಲಿಲ್ಲ.”

ಬಾಗಿಲ ಹಿಂದೆ ನಿಂತಿದ್ದ ಆ ಹುಡುಗಿ ಒಂದೇ ಮಾತು ಕೇಳಿದಳು. “ಮತ್ತೊಮ್ಮಿ ಬರ್ತದೇನ್ರಿ ಅದು?”

“ಬರಂಗಿಲ್ಲವ್ವಾ. ನಿನಗೂ ಬರಂಗಿಲ್ಲ, ನಿನ್ನಂಗ ಆದ ಯಾರಿಗೂ ಬರಂಗಿಲ್ಲ.”

ಕೊಟ್ಟ ಆ ಮಾತು ನೆಗೆಣ್ಣಿಯ ಕೊರಳಿಗೆ ಬಿತ್ತು. ಮನೆಗೆ ಬಂದವಳೇ ಲಸಿಕೆಯ ಸಂದೇಶಗಳನ್ನೆಲ್ಲ ನಿಲ್ಲಿಸಿದಳು. ಅಂದಿನಿಂದ ಏಜೆಂಟ್ ಮೊದಲು ಯೋಜನೆ ಬರೆಯಬೇಕು, ಆಕೆ ಅದನ್ನು ಕನ್ನಡಕ್ಕೆ ತಿರುಗಿಸಿ ನನಗೆ ಗಟ್ಟಿಯಾಗಿ ಓದಿ ಹೇಳಬೇಕು. ನಾನು ರೊಟ್ಟಿ ಬಡಿಯುತ್ತ ‘ಹೂಂ’ ಅನ್ನುವುದಷ್ಟೇ. ಓದುವಾಗಲೇ ಆಕೆಗೆ ತಪ್ಪು ಕಾಣುತ್ತಿತ್ತು, ನಡುವೆಯೇ ನಿಲ್ಲಿಸಿ ಬೆರಳು ಎತ್ತುವಳು. ಮಗು ಚಲೋ ಅದ ಅಂತ ಯಾರಾದರೂ ಮನುಷ್ಯರೇ ಹೇಳುವತನಕ ಏನೂ ಕಳಿಸಬಾರದು ಅಂತ ಮೊದಲ ಸಾಲಿನಲ್ಲೇ ಬರೆಸಿದಳು. ಮಗು ತೀರಿಕೊಂಡ ಮನೆಗೆ ಒಂದು ಸಾಂತ್ವನದ ಸಂದೇಶ ಕಳಿಸೋಣವೇ ಅಂತ ಏಜೆಂಟ್ ಕೇಳಿತು.

“ನೋಡ್ರಿ ಅಕ್ಕಾರ, ಅಳಾವರ ಮುಂದ ಮೊಬೈಲ್ ಹಿಡೀತದಂತ! ಬ್ಯಾಡ. ಇದು ಸುಮ್ನ ಇರಲಿ. ಊರಿನ ಆರೋಗ್ಯ ಸೇವಿಕಾಗ ಅಷ್ಟ ತಿಳಸಲಿ, ಆಕಿ ಹೋಗಿ ಬಾಜೂಕ ಕುಂತು ಬರ್ತಾಳ.”

ಆ ಕೆಲಸ ಮುಗಿಯುವ ಮೊದಲೇ ಬೇನೆ ಆಕೆಯನ್ನು ಹಿಡಿಯಿತು. ಮಿರಜದಲ್ಲಿ ಮಂಚದ ಮೇಲೆ ಸ್ವಲ್ಪ ಚೇತರಿಕೆ ಬಂದರೆ ಸಾಕು, ಯೋಜನೆ ತೆಗೆದು ಕೂಡುವಳು. ಎರಡು ಸಾಲು ಓದಿದರೆ ದಮ್ಮು ಹತ್ತುತ್ತಿತ್ತು. ನಾನು ಸಿಟ್ಟಿಗೆದ್ದೆ. “ಬಿಡವ್ವಾ, ಆರಾಮಾದ ಮ್ಯಾಲ ಮಾಡಿದ್ರಾತು.”

“ಕೋಡು ಯಾರರ ಬರಸ್ತಾರ ಅಕ್ಕಾರ, ಅದರ ಚಿಂತಿ ಇಲ್ಲ. ಏನೇನು ಕೇಳಬೇಕು, ಎಲ್ಲಿ ಸುಮ್ನಿರಬೇಕು, ಅಷ್ಟು ಹೇಳಿ ಹೋಗ್ತೀನಿ.” ಹೋಗ್ತೀನಿ ಅಂದದ್ದಕ್ಕೆ ನಾನು ಮುಖ ತಿರುಗಿಸಿಕೊಂಡೆ. ಆಕೆ ನಕ್ಕು, “ಮುಂದಿಂದು ಓದಲೇನ್ರಿ?” ಅಂದಳು. ಓದು ಅಂದೆ. ಕಡೆಯ ಸಾಲಿನವರೆಗೆ ಓದಿಸಿಕೊಂಡೆ. ದೇವರು ಅಷ್ಟು ಅವಕಾಶ ಕೊಟ್ಟನಲ್ಲ ಅಂತ ಈಗ ಕೈ ಮುಗಿಯುತ್ತೇನೆ.

ಕಾರ್ಯಗಳೆಲ್ಲ ಮುಗಿದು ಮನೆ ಬರಿದಾದ ಮೇಲೆ, ಆಕೆಯ ಜೊತೆ ಕೆಲಸ ಮಾಡುತ್ತಿದ್ದ ಸಾಂಗಲಿಯ ಹುಡುಗಿ ಫೋನು ಮಾಡಿದಳು. ನಿಮ್ಮ ನೆಗೆಣ್ಣಿಯವರ ಯೋಜನೆಯಂತೆಯೇ ಎಲ್ಲ ಮಾಡಿಸಿದ್ದೇವೆ, ಒಂದು ಸಾಲನ್ನೂ ಬದಲಿಸಿಲ್ಲ ಅಂದಳು. ಆಮೇಲೆ, “ಮೊನ್ನೆ ಒಂದು ಮನ್ಯಾಗ ಹಂಗ ಕೂಸು ಹೋತರಿ. ಮೊಬೈಲಿಗಿ ಏನೂ ಹೋಗಲಿಲ್ಲ. ಸೇವಿಕಾ ಹೋಗಿ ಹೊತ್ತು ಮುಳುಗೂತನಕ ಕುಂತು ಬಂದ್ಲು” ಅಂದಳು.

ಯಾವ ಊರು ಅಂತ ನಾನು ಕೇಳಲಿಲ್ಲ. ಯಾರೋ ಒಬ್ಬ ತಾಯಿ, ಕಾಣದ ಮನೆಯಲ್ಲಿ ತನ್ನ ಕೂಸಿಗಾಗಿ ಅಳುತ್ತಿದ್ದಳು. ಆ ಅಳುವಿನ ನಡುವೆ ಯಾವ ಅಭಿನಂದನೆಯೂ ಬರಲಿಲ್ಲ. ಅದು ನನ್ನ ನೆಗೆಣ್ಣಿಯಿಂದ ಎಂಬುದು ಆ ತಾಯಿಗೆ ಎಂದೂ ಗೊತ್ತಾಗುವುದಿಲ್ಲ.

ಹೊರಗೆ ಓಣಿಯಲ್ಲಿ ನಳಕ್ಕೆ ನೀರು ಬಂತೆಂದು ಕೂಗಿದರು. ಕೊಡಗಳು ಬರಿದಾಗಿದ್ದವು. ಕಣ್ಣೊರೆಸಿಕೊಂಡು ಎದ್ದು, ಮೊದಲ ಕೊಡವನ್ನು ನಳದ ಕೆಳಗೆ ಇಟ್ಟೆ.