ಮಸಿ ಮೇಷ್ಟ್ರ ಹನ್ನೊಂದು ಕಪ್ಪು

ಗೂಡ್ಸ್ ರೈಲಿನ ಉಗಿ ಎಂಜಿನ್ನಿಗೇನು, ಕಪ್ಪು ಬಳಿದರಾಯಿತು ಎಂದು ಮಸಿ ಮೇಷ್ಟ್ರ ಮುಂದೆ ಯಾರಾದರೂ ಬಾಯಿ ತಪ್ಪಿ ಅಂದರೆ, ಅವರ ಆ ದಿನದ ಕೆಲಸ ಕೆಟ್ಟಂತೆಯೇ. "ಯಾವ ಕಪ್ಪು?" ಎಂದು ಶುರುಮಾಡುತ್ತಾರೆ ಈ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, "ಕಾರ್ಖಾನೆಯಿಂದ ಹೊರಬಿದ್ದ ದಿನದ್ದೋ, ಯುದ್ಧದ ಕಾಲದ್ದೋ, ಗುಜರಿಗೆ ಹೋಗೋ ಹಿಂದಿನ ವರ್ಷದ್ದೋ?" ಗೇಣುದ್ದದ ಮಾದರಿ ಎಂಜಿನ್ನುಗಳಿಗೆ ಬಣ್ಣ ಹಚ್ಚುವ ಅವರ ಮೇಜಿನ ಮೇಲೆ ಹನ್ನೊಂದು ಕಪ್ಪಿನ ಶೀಶೆಗಳಿವೆ, ಒರೆಸುವಾಗ ಹೆಂಡತಿ ಒಂದನ್ನು ಅತ್ತಿತ್ತ ಸರಿಸಿದರೂ ಮನೆ ರಣರಂಗ. "ಹನ್ನೊಂದು ಕಪ್ಪು ಗೊತ್ತು ಇವರಿಗೆ. ಅಡುಗೆಮನೆ ಗೋಡೆ ಯಾವ ಬಣ್ಣ ಕೇಳಿ ನೋಡೋಣ," ಅನ್ನುತ್ತಾರೆ ಆಕೆ. ಪ್ಯಾಸೆಂಜರ್ ಎಂಜಿನ್ನುಗಳ ಹಸಿರು, ಕೆಂಪು ಮೇಷ್ಟ್ರಿಗೆ ಬರೀ ಶೋಕಿ. ಗಿರಾಕಿಗಳು ಅವಸರ ಮಾಡಿದರೆ, "ಟೈಮಿಗೆ ಬಂದರೆ ಅದು ಗೂಡ್ಸೇ ಅಲ್ಲ ಸ್ವಾಮಿ," ಎನ್ನುತ್ತಾರೆ. ಬಣ್ಣ ಒಣಗಿದ ಮೇಲೆ ಕೂದಲೆಳೆಯಂಥ ಕುಂಚದಿಂದ ಮಸಿ, ಎಣ್ಣೆಜಿಡ್ಡು, ನೀರು ಸೋರಿದ ಬಿಳಿ ಕಲೆ ಎಲ್ಲವನ್ನೂ ಹಚ್ಚುತ್ತಾರೆ. ಕೊನೆಗೆ ಡ್ರೈವರ್ ಕಿಟಕಿಯ ಕೆಳಗೆ ಮಾತ್ರ, ಸಾಸಿವೆ ಕಾಳಿನಷ್ಟು ಜಾಗವನ್ನು ಬಟ್ಟೆಯ ತುದಿಯಿಂದ ಉಜ್ಜಿ ಮಿರಮಿರ ಮಿಂಚಿಸುತ್ತಾರೆ. ಮೊನ್ನೆ ಗಿರಾಕಿಯೊಬ್ಬ ಭೂತಗನ್ನಡಿ ಹಿಡಿದು, "ಮೇಷ್ಟ್ರೇ, ಇಲ್ಲಿ ಮಸಿ ಹಚ್ಚೋದು ಮರೆತಿದ್ದೀರಿ," ಎಂದ. ಎಂದೂ ಸೋಲದ ಮೇಷ್ಟ್ರು ಅವತ್ತು ಜಗಳಕ್ಕೆ ನಿಲ್ಲಲಿಲ್ಲ. "ನಮ್ಮಪ್ಪ ಗೂಡ್ಸ್ ಡ್ರೈವರು. ಗಾಡಿ ನಮ್ಮೂರಲ್ಲಿ ನಿಲ್ತಿರಲಿಲ್ಲ. ನಾನು ರೈಲ್ವೆ ಗೇಟಿನ ಹತ್ರ ಕಾಯ್ತಾ ಇರ್ತಿದ್ದೆ, ಅವರು ಈ ಕಿಟಕಿಗೆ ಮೊಣಕೈ ಊರಿ ಬಗ್ಗಿ ನೋಡ್ಕೊಂಡು ಹೋಗೋರು," ಅಂದರು. "ಆ ಜಾಗದಲ್ಲಿ ಮಸಿ ಕೂರ್ತಾನೇ ಇರಲಿಲ್ಲ."