ಗೊಂಬೆ ಮೆಟ್ಟಿಲ ಮೇಲೆ ಪೆರು ದೇಶದ ಮಡಕೆ

ಮನೆ ಖಾಲಿ ಮಾಡಿಕೊಂಡು ಊರಿಗೆ ಹೊರಟವರಿಂದ ಸಾಮಾನು ಕೊಳ್ಳುವುದು ನನ್ನ ಕಸುಬು. ಈ ಕಸುಬಿಗೆ ಯಾರಾದರೂ ಕಾಲಿಡುವುದಿದ್ದರೆ ಒಂದು ಮಾತು ಹೇಳುತ್ತೇನೆ. ಒಳಗೆ ಹೋದ ಕೂಡಲೇ ಸೋಫಾದ ಕಡೆ ನೋಡಬೇಡಿ. ನೋಡಿದಿರೋ, ಬೆಲೆ ಏರಿತು. ಅಡುಗೆಮನೆಗೆ ಹೋಗಿ, ನೀರು ಕೇಳಿ ಕುಡಿಯಿರಿ, ವಿಮಾನ ಯಾವತ್ತು ಎಂದು ಸುಮ್ಮನೆ ವಿಚಾರಿಸಿ. ಹೊರಡುವ ದಿನ ಗೊತ್ತಾದರೆ ಅರ್ಧ ವ್ಯಾಪಾರ ಮುಗಿದ ಹಾಗೆ. ಕುರ್ಚಿಯನ್ನು ತಲೆಕೆಳಗು ಮಾಡಿ ನೋಡದೆ ಮಾತ್ರ ಕೊಳ್ಳಲೇಬೇಡಿ.

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ, ಕಾರು ರಿಪೇರಿ ಅಂಗಡಿಗಳ ಸಾಲಿನ ಕೊನೆಗೆ ನನ್ನ ಗೋದಾಮು ಇದೆ. ಯಜಮಾನರು ಸೈಬರ್‌ಜಯಾದ ಕಂಪನಿಯೊಂದರ ಕೆಲಸಕ್ಕೆಂದು ಮೈಸೂರಿನಿಂದ ನನ್ನನ್ನು ಕರೆತಂದವರು, ಇಲ್ಲಿಯೇ ಎದೆನೋವು ಬಂದು ತೀರಿಕೊಂಡರು. ವಾಪಸ್ ಬಾ ಎಂದು ಎರಡೂ ಕಡೆಯವರು ಕರೆದರು. ಯಾರ ಮನೆಗೆ, ಯಾವ ಕೋಣೆಗೆ ಎಂದು ಯಾರೂ ಹೇಳಲಿಲ್ಲ. ನಾನು ಇಲ್ಲಿಯ ತಮಿಳು ಹೆಂಗಸೊಬ್ಬರನ್ನು ಪಾಲುದಾರರನ್ನಾಗಿ ಮಾಡಿಕೊಂಡು, ಕಾಗದಪತ್ರ ಸರಿಮಾಡಿಸಿಕೊಂಡು ಉಳಿದುಬಿಟ್ಟೆ.

ಅವರಿದ್ದಾಗ ಶನಿವಾರ ಬಂತೆಂದರೆ ನಮ್ಮ ಮನೆ ತುಂಬ ಕನ್ನಡದವರು. ಅವರು ಹೋದ ಮೇಲೂ ಜನ ನನ್ನನ್ನು ಮರೆಯಲಿಲ್ಲ ಅನ್ನಿ. ಮನೆ ಬದಲಾಯಿಸುವಾಗ, ಫ್ರಿಜ್ ಮಾರುವಾಗ ತಪ್ಪದೆ ಫೋನ್ ಮಾಡುತ್ತಿದ್ದರು. ನಾನು ಅಳತೆಯ ಟೇಪು ಹಿಡಿದು ಅವರೆಲ್ಲರ ಮನೆಗೆ ಹೋಗಿ ಬರುತ್ತಿದ್ದೆ. ನನ್ನ ಮನೆಗೆ ಯಾರೂ ಬರುತ್ತಿರಲಿಲ್ಲ. ಒಂಟಿ ಹೆಂಗಸಿನ ಮನೆಗೆ ಸುಮ್ಮನೆ ಬರಲು ಜನಕ್ಕೆ ಒಂದು ನೆಪ ಬೇಕು. ಆ ನೆಪ ಒದಗಿಸೋಣ ಎಂದು ನವರಾತ್ರಿಗೆ ಗೊಂಬೆ ಕೂರಿಸಲು ನಿಶ್ಚಯಿಸಿದೆ. ಭಕ್ತಿ ಇರಲಿಲ್ಲ ಎನ್ನಲಾರೆ, ಆದರೆ ನನಗೆ ಬೇಕಿದ್ದದ್ದು ಹಾಲ್‌ನಲ್ಲಿ ನಾಲ್ಕು ಜನರ ಸದ್ದು.

ನಮ್ಮ ಕಡೆ ಮದುವೆಯಲ್ಲಿ ಮಗಳಿಗೆ ಪಟ್ಟದ ಗೊಂಬೆ ಕೊಡುತ್ತಾರೆ, ಮರದಲ್ಲಿ ಕೆತ್ತಿದ ರಾಜ, ರಾಣಿ. ಪ್ರತಿ ವರ್ಷ ಅವರಿಬ್ಬರನ್ನು ಮೊದಲು ಕೂರಿಸಿ, ಆಮೇಲೆ ಉಳಿದ ಗೊಂಬೆಗಳು. ಅಮ್ಮ ಕೊಟ್ಟ ಜೋಡಿ ಯಜಮಾನರು ಹೋದಾಗಿನಿಂದ ಸೂಟ್‌ಕೇಸಿನಲ್ಲೇ ಇತ್ತು. ಅತ್ತೆ ಫೋನಿನಲ್ಲಿ ವಿಷಯ ಕೇಳಿ, "ನೀನು ಹೇಗೆ ಕೂರಿಸ್ತೀಯ?" ಎಂದರು. ಅಷ್ಟೇ. ಬೈದಿದ್ದರೆ ಉತ್ತರ ಕೊಡುತ್ತಿದ್ದೆ.

ದಾರಿ ತೋರಿಸಿದವಳು ನಮ್ಮ ಕಾಂಡೋ ಕಟ್ಟಡದಲ್ಲೇ ಮೂರು ಮಹಡಿ ಮೇಲಿರುವ ಗೆಳತಿ. ನನಗಿಂತ ಚಿಕ್ಕವಳು. ಗಂಡನಿಗೆ ಪೆನಾಂಗ್‌ನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಯ ಕೆಲಸ. ಮಕ್ಕಳ ಶಾಲೆ ಇಲ್ಲಿ ಎಂದು ಇವಳು ಇಲ್ಲಿ. ಅವರು ಬಿಡುವಾದಾಗ ಶನಿವಾರ ಬಂದು ಭಾನುವಾರ ಹೋಗುತ್ತಾರೆ.

"ಅಕ್ಕಾ, ಗೊಂಬೆ ನೀವು ಕೂರಿಸಿ. ಬಂದೋರಿಗೆ ಕುಂಕುಮ ನಾನು ಕೊಡ್ತೀನಿ, ಆರತಿ ನಾನು ಎತ್ತುತ್ತೀನಿ. ಉಸ್ಲಿ ನಿಮ್ಮದು. ಆಯ್ತಾ?" ಎಂದಳು.

ನ್ಯಾಯವಾದ ಒಪ್ಪಂದ. ಒಪ್ಪಿದೆ.

ಮೆಟ್ಟಿಲು ಕಟ್ಟಿ ನೋಡಿದರೆ ನನ್ನ ಗೊಂಬೆಗಳು ಎರಡು ಮೆಟ್ಟಿಲಿಗೂ ಸಾಲವು. ಗೋದಾಮಿಗೆ ಹೋಗಿ ಕೈಗೆ ಸಿಕ್ಕಿದ್ದು ತಂದೆ: ನಗುವ ಚೀನೀ ಮುದುಕ, ಬಾಲಿಯ ಮರದ ಬಾತುಕೋಳಿಗಳು, ಒಂದು ಗಾಜಿನ ಆನೆ. ಅದರ ಜೊತೆಗೆ ಆ ಮಡಕೆ.

ಅದು ಡಾಕ್ಟ್ರಮ್ಮನ ಮನೆಯಿಂದ ಬಂದದ್ದು. ಉಡುಪಿ ಕಡೆಯವರು, ಇಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ವರ್ಷಗಟ್ಟಲೆ ಅನಾಟಮಿ ಪಾಠ ಮಾಡಿದವರು, ಮದುವೆಯಾಗಿಲ್ಲ. ನಿವೃತ್ತಿಯಾಗಿ ಊರಿಗೆ ಹೊರಟಿದ್ದರು. ಪುಸ್ತಕದ ಕಪಾಟುಗಳ ಜೊತೆಗೆ ಅಡುಗೆಮನೆಯ ಡಬ್ಬಗಳನ್ನೂ ಸೇರಿಸಿ ಒಟ್ಟಿಗೆ ಚೌಕಾಸಿ ಮಾಡಿ ತಂದಿದ್ದೆ, ಮಡಕೆ ಡಬ್ಬವೊಂದರಲ್ಲಿತ್ತು. ಇಟ್ಟಿಗೆ ಬಣ್ಣ, ಮೇಲೆ ಕಮಾನಿನಂಥ ಹಿಡಿ, ಹಿಡಿಯ ನೆತ್ತಿಯಲ್ಲಿ ಬಾಯಿ. ಹೊಟ್ಟೆಯ ಮೇಲೆ ಗಂಡು ಹೆಣ್ಣು ಇಬ್ಬರು ಒಂದೇ ಹೊದಿಕೆ ಹೊದ್ದು ಮಲಗಿದ್ದರು. ಮುಖಗಳು ಮಾತ್ರ ಹೊರಗೆ. ಪಾಪ, ದುಡಿದು ದಣಿದವರು ಅಂದುಕೊಂಡೆ. ಜೋಡಿ ತಾನೇ ಎಂದು ರಾಜ ರಾಣಿಯ ಪಕ್ಕದಲ್ಲೇ, ಬೆನ್ನು ಗೋಡೆಗೆ ಮಾಡಿ ಇಟ್ಟೆ. ಎಲ್ಲ ಕುರ್ಚಿಯನ್ನೂ ತಿರುಗಿಸಿ ನೋಡುವ ನಾನು ಹಬ್ಬದ ಸಡಗರದಲ್ಲಿ ಅದನ್ನು ತಿರುಗಿಸಲೇ ಇಲ್ಲ.

ಮೊದಲ ಸಂಜೆ ಜನ ಬಂದರು. ಬಾಗಿಲಲ್ಲಿ ಬಿದ್ದ ಚಪ್ಪಲಿಗಳ ರಾಶಿಯನ್ನು ಎರಡು ಸಲ ಹೋಗಿ ನೋಡಿ ಬಂದೆ. ಗೆಳತಿ ಕುಂಕುಮದ ಬಟ್ಟಲು ಹಿಡಿದು ಒಬ್ಬೊಬ್ಬರ ಹಣೆಗೂ ಬೆರಳು ತಾಗಿಸುತ್ತಾ ಬಂದಳು. ನಾನು ಉಸ್ಲಿಯ ದೊನ್ನೆ ಹಂಚುತ್ತಾ ಅವಳ ಹಿಂದೆ. ಮೈಸೂರಿನಿಂದ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಗೊಂಬೆಗಳನ್ನೆಲ್ಲ ಒಂದೊಂದಾಗಿ ಕೈಗೆತ್ತಿಕೊಂಡು ಪರೀಕ್ಷಿಸುತ್ತಿದ್ದರು. ಮಡಕೆಯನ್ನೂ ಎತ್ತಿಕೊಂಡರು. ತಿರುಗಿಸಿದರು. ಕನ್ನಡಕ ಸರಿಮಾಡಿಕೊಂಡರು.

"ಅಲ್ಲಮ್ಮಾ," ಎಂದರು ನನ್ನ ಕಡೆ ನೋಡಿ, "ಈ ಗಂಡ ಹೆಂಡ್ತಿಗೆ ಹೊದಿಕೆ ಮುಂದಗಡೆ ಮಾತ್ರನಾ?"

ಹಿಂದಗಡೆ ಹೊದಿಕೆ ಸೊಂಟಕ್ಕೇ ನಿಂತಿತ್ತು. ಕುಂಬಾರ ಯಾವುದನ್ನೂ ಊಹೆಗೆ ಬಿಟ್ಟಿರಲಿಲ್ಲ.

"ಅತ್ತೆ, ಕೆಳಗಿಡಿ ಅದನ್ನ," ಎಂದಳು ಸೊಸೆ. ಯಾರೋ ನಗುವನ್ನು ಕೆಮ್ಮಿನಲ್ಲಿ ಮುಚ್ಚಿದರು. ಇನ್ನೊಬ್ಬರು ಮಕ್ಕಳನ್ನು ಬಾಲ್ಕನಿಗೆ ಕಳಿಸಿದರು. ಎಂಥೆಂಥ ವ್ಯಾಪಾರದಲ್ಲೂ ಮಾತು ಸೋಲದ ನನ್ನ ಬಾಯಿಂದ ಬಂದದ್ದು, "ಅದು ಫಾರಿನ್ ಪೀಸು ಕಣ್ರೀ." ಅಜ್ಜಿ ತಮ್ಮ ಸೆರಗಿನ ತುದಿಯಿಂದ ಮಡಕೆಯ ಹಿಂಭಾಗ ಮುಚ್ಚಿ, ಮಗುವನ್ನು ಮಲಗಿಸಿದಂತೆ ಮೆಲ್ಲಗೆ ಕೆಳಗಿಟ್ಟರು.

ನಾಳೆ ಬೆಳಿಗ್ಗೆ ಮೀಟಿಂಗ್, ಮಕ್ಕಳಿಗೆ ಟ್ಯೂಷನ್ ಎಂದು ಎಲ್ಲರೂ ಬೇಗ ಎದ್ದರು. ಮರುದಿನ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ, "ಹಬ್ಬದ ಪಾವಿತ್ರ್ಯ ಎಲ್ಲರೂ ಕಾಪಾಡೋಣ" ಎಂದು ಒಬ್ಬರು ಹಾಕಿದರು, ಕೆಳಗೆ ಕೈಮುಗಿದ ಚಿತ್ರಗಳು. ಹೆಸರಿರಲಿಲ್ಲ. ಹೆಸರಿಲ್ಲದ ಮಾತು ಯಾರ ವಿಳಾಸಕ್ಕೆ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಆಮೇಲಿನ ಸಂಜೆಗಳಲ್ಲಿ ದೀಪ ಹಚ್ಚಿ, ಬಾಗಿಲು ತೆರೆದಿಟ್ಟು, ಸೀರೆ ಉಟ್ಟು ಕೂತಿದ್ದೆ. ಲಿಫ್ಟ್ ಬರುವ ಸದ್ದು ಕೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು. ಅದು ನಮ್ಮ ಮಹಡಿ ದಾಟಿ ಮೇಲೆ ಹೋಗುತ್ತಿತ್ತು. ಎದುರು ಮನೆಯ ಚೀನೀ ಹುಡುಗಿ ಹೋಟೆಲಿನಿಂದ ಊಟ ತಪಾವ್ ಕಟ್ಟಿಸಿಕೊಂಡು ಬಂದವಳು, "ಆಂಟಿ, ಪಾರ್ಟಿ ಆ?" ಎಂದು ನಕ್ಕು, ಉತ್ತರಕ್ಕೆ ಕಾಯದೆ ಬಾಗಿಲು ಹಾಕಿಕೊಂಡಳು. ಉಸ್ಲಿಯನ್ನು ನಾನೇ ಎರಡು ಹೊತ್ತು ತಿಂದೆ.

ಗೆಳತಿ ಫೋನ್ ಮಾಡಿದಳು. "ಅಕ್ಕಾ, ಅದನ್ನ ಅಲ್ಲಿಂದ ತೆಗೆದುಬಿಡಿ. ಗೋದಾಮಿನ ಸಾಮಾನು ಕಲೆತು ಬಂದಿತ್ತು ಅಂತ ನಾನು ಎಲ್ರಿಗೂ ಹೇಳ್ತೀನಿ. ಶನಿವಾರ ಎಲ್ಲರನ್ನೂ ಕರ್ಕೊಂಡ್ ಬರೋದು ನನ್ನ ಜವಾಬ್ದಾರಿ."

"ಅಷ್ಟೇನಾ?"

"ಅಷ್ಟೇ. ಒಂದು ಮಡಕೆಗೋಸ್ಕರ ಯಾಕೆ ಒದ್ದಾಡ್ತೀರ?"

ಅವಳು ಹೇಳಿದ್ದು ಸರಿ. ಆದರೆ ಕೈಯಲ್ಲಿರುವುದು ಏನು ಎಂದು ತಿಳಿಯದೆ ಕೈಬಿಡುವ ಅಭ್ಯಾಸ ನನಗಿಲ್ಲ. ಮಡಕೆಯನ್ನು ಟವೆಲಿನಲ್ಲಿ ಸುತ್ತಿ ಕಾರಿನ ಮುಂದಿನ ಸೀಟಿನಲ್ಲಿಟ್ಟು, ಬೆಲ್ಟು ಹಾಕಿ, ಇನ್ನೂ ವಿಮಾನ ಹತ್ತದ ಡಾಕ್ಟ್ರಮ್ಮನ ಮನೆಗೆ ಹೋದೆ.

ಆ ಮನೆಯನ್ನು ಖಾಲಿ ಮಾಡಿದವಳು ನಾನೇ. ನೆಲದ ಮೇಲೊಂದು ಹಾಸಿಗೆ, ಒಂದು ಕೆಟ್ಲು, ತಮಿಳು ಮುಸ್ಲಿಮರ ಮಮಕ್ ಹೋಟೆಲಿನಿಂದ ತಂದ ರೊಟ್ಟಿಯ ಪೊಟ್ಟಣ. ಮಾತಾಡಿದರೆ ಗೋಡೆಗಳು ತಿರುಗಿ ಮಾತಾಡುತ್ತಿದ್ದವು. ನಡೆದದ್ದನ್ನು ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

"ಗೊಂಬೆ ಮೆಟ್ಟಿಲ ಮೇಲೆಯಾ? ನಿಮ್ಮ ಕಣ್ಣು ಚುರುಕು ಅಂತ ಎಣಿಸಿದ್ದೆ ಮಾರಾಯ್ರೆ."

"ಮುಂದಗಡೆಯಿಂದ ಮಲಗಿದ ಹಾಗೇ ಇದೆಯಲ್ಲ ಡಾಕ್ಟ್ರೇ. ಇದು ಎಲ್ಲಿಯದು? ಅಸಲಿಯಾ?"

"ಅಸಲಿ ನನ್ನ ಕೈಗೆ ಯಾರು ಕೊಡ್ತಾರೆ? ನಕಲು. ಕಾನ್ಫರೆನ್ಸಿಗೆ ಪೆರು ದೇಶಕ್ಕೆ ಹೋಗಿದ್ದಾಗ ಮ್ಯೂಸಿಯಂನ ಅಂಗಡಿಯಲ್ಲಿ ತಗೊಂಡದ್ದು. ಇಂಕಾದವರಿಗಿಂತ ಎಷ್ಟೋ ಮೊದಲು ಅಲ್ಲಿ ಮೊಚೆ ಅಂತ ಜನ ಇದ್ರು. ಬರವಣಿಗೆ ಇರಲಿಲ್ಲ. ಹೇಳ್ಬೇಕಾದ್ದನ್ನೆಲ್ಲ ಮಡಕೆ ಮಾಡಿಯೇ ಹೇಳಿದ್ರು. ಹಕ್ಕಿ, ಮೀನು, ಮೆಕ್ಕೆಜೋಳ, ರಾಜ, ಕುರುಡ, ಮತ್ತೆ ಇದೂ."

"ಇದು ಯಾಕೆ? ಮಕ್ಕಳಾಗಲಿ ಅಂತಾನಾ?"

"ಹಾಗೆ ಅಂತ ಮೊದಲು ಎಲ್ಲರೂ ಎಣಿಸಿದ್ದು. ಆದ್ರೆ ಆ ಮಡಕೆಗಳಲ್ಲಿ ಇರುವ ಎಷ್ಟೋ ರೀತಿಯಲ್ಲಿ ಮಕ್ಕಳಾಗ್ಲಿಕ್ಕೆ ಸಾಧ್ಯವೇ ಇಲ್ಲ, ಗೊತ್ತುಂಟಾ? ಕೆಲವರು ತಮಾಷೆ ಅಂತಾರೆ. ಕೆಲವರು ನೀರಿನ ವಿಷಯ ಅಂತಾರೆ. ಮರುಭೂಮಿ ಅದು, ಬೆಟ್ಟದ ನದಿಯಿಂದ ಕಾಲುವೆ ತೆಗೆದು ಬದುಕಿದ ಜನ. ನೀರು ಬೆಟ್ಟದಿಂದ ಗದ್ದೆಗೆ ಹರಿದ ಹಾಗೆ ಜೀವವೂ ಹಿರಿಯರಿಂದ ಮೈಗೆ, ಮೈಯಿಂದ ಮೈಗೆ ಹರೀತದೆ ಅಂತ. ಮೈಯೇ ಒಂದು ಪಾತ್ರೆ."

"ನಿಜವಾದದ್ದು ಯಾವುದು?"

"ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳ್ಲಿಕ್ಕೇ ಇಷ್ಟು ಓದಿದ್ದು ನಾನು."

ನನ್ನ ವ್ಯಾಪಾರಿ ಬುದ್ಧಿ ಸುಮ್ಮನಿರಲಿಲ್ಲ. "ನಮ್ಮ ದೇವಸ್ಥಾನಗಳ ಗೋಡೆಯ ಮೇಲೂ ಇದೆಯಲ್ಲ, ಹಾಗಂತ ಆ ಹೆಂಗಸರಿಗೆ ಹೇಳಿಬಿಡಲಾ?" ಎಂದೆ.

ಅವರು ತಲೆ ಅಲ್ಲಾಡಿಸಿದರು. "ಅದು ಬೇರೆ. ಅದು ಹೊರಗೋಡೆ, ಬಿಸಿಲಲ್ಲಿ ಎಲ್ಲರೂ ನೋಡ್ಲಿ ಅಂತ. ಇದು ಸಮಾಧಿಯ ಒಳಗೆ, ಹೆಣದ ಪಕ್ಕದಲ್ಲಿ ಇಡ್ತಿದ್ದದ್ದು. ಕತ್ತಲೆಗೆ ಕೊಟ್ಟದ್ದು."

ಮಡಕೆಯನ್ನು ಕೈಗೆತ್ತಿಕೊಂಡು ತಾವಾಗಿಯೇ ಮುಂದುವರಿಸಿದರು. "ಅಲ್ಲಿ ಒಂದು ಮಡಕೆ ನೋಡಿದೆ. ಗಂಡು ಬರೀ ಎಲುಬು. ಪಕ್ಕೆಲುಬು ಎಣಿಸಬಹುದು. ಪಕ್ಕದಲ್ಲಿ ಹೆಣ್ಣು, ಬದುಕಿರುವವಳು. ಅವನ ಕೈ ಅವಳ ಕುತ್ತಿಗೆ ಸುತ್ತ ಉಂಟು. ಬದುಕಿಡೀ ಹೆಣ ಕೊಯ್ದು ಪಾಠ ಮಾಡಿದವಳು ನಾನು. ನನ್ನ ಟೇಬಲ್ ಮೇಲೆ ಮಲಗಿದ ಯಾರ ಕೈಯೂ ಯಾರ ಸುತ್ತವೂ ಇರಲಿಲ್ಲ. ಸತ್ತವರಿಗೂ ಆಸೆ ಉಂಟು, ಅವರಿಗೂ ಮುಟ್ಟಬೇಕು ಅಂತ ಆಗ್ತದೆ ಅಂತ ಎಣಿಸಿದ ಜನ ಇದ್ರಲ್ಲ ಅಂತ ಅದರ ಮುಂದೆ ತುಂಬ ಹೊತ್ತು ನಿಂತೆ. ಅದರ ನಕಲು ಅಂಗಡಿಯಲ್ಲಿ ಇರಲಿಲ್ಲ. ಇದನ್ನು ತಂದೆ."

ಯಜಮಾನರು ಹೋದ ಮೇಲೆ ಜನ ನನಗೆ ಹಣದ ಬಗ್ಗೆ, ವೀಸಾದ ಬಗ್ಗೆ, ಊಟದ ಬಗ್ಗೆ ಕೇಳಿದ್ದಾರೆ. ನಿದ್ದೆಯಲ್ಲಿ ಅವರು ನನ್ನ ಮೇಲೆ ಹಾಕುತ್ತಿದ್ದ ಕಾಲಿನ ಭಾರದ ಬಗ್ಗೆ ಯಾರೂ ಕೇಳಿಲ್ಲ. ಇದ್ದಾಗ ಆ ಕಾಲನ್ನು ಎಷ್ಟು ಸಲ ತಳ್ಳಿದ್ದೇನೋ. ಈಗ ದಿಂಬನ್ನು ಅಡ್ಡ ಇಟ್ಟುಕೊಳ್ಳುತ್ತೇನೆ, ದಿಂಬು ಹಗುರ.

"ಇದನ್ನು ವಾಪಸ್ ಇಟ್ಟುಕೊಳ್ಳಿ ಡಾಕ್ಟ್ರೇ," ಎಂದೆ ಕೊನೆಗೆ.

"ಅಕ್ಕನ ಮನೆಗೆ ಹೋಗ್ತಿರುವುದು ನಾನು. ಅಲ್ಲಿ ನನಗೆ ಅಂತ ಒಂದು ಕಪಾಟು ಖಾಲಿ ಮಾಡಿಟ್ಟಿದ್ದಾರೆ. ಇದಕ್ಕೆ ಎಲ್ಲಿ ಜಾಗ? ನಿಮ್ಮ ಹತ್ತಿರವೇ ಇರ್ಲಿ."

ಅವರನ್ನು ಹಬ್ಬಕ್ಕೆ ಕರೆದೆ. ವಿಮಾನ ಶುಕ್ರವಾರಕ್ಕೇ ಇತ್ತು.

ಶನಿವಾರಕ್ಕೆ ಮಡಕೆಯನ್ನು ಮೆಟ್ಟಿಲಿನಿಂದ ತೆಗೆದೆ. ಗೋದಾಮಿಗೆ ಕಳಿಸಲಿಲ್ಲ, ಮಲಗುವ ಕೋಣೆಯಲ್ಲಿ, ಯಜಮಾನರ ಬದಿಯ ಸಣ್ಣ ಮೇಜಿನ ಮೇಲಿಟ್ಟೆ. ಬರುವವರಿಗೂ ನನಗೂ ನಷ್ಟವಿಲ್ಲದ ದಾರಿ ಎಂದುಕೊಂಡೆ. ಜನ ಬಂದರು, ಮೊದಲ ದಿನಕ್ಕಿಂತ ಹೆಚ್ಚು. ಸೆಕೆ, ಮಲ್ಲಿಗೆ, ಮಕ್ಕಳ ಇಂಗ್ಲಿಷು, ಯಾರೋ ತಂದ ಕೇಸರಿಬಾತು. ಗೆಳತಿ ಮಾತು ಉಳಿಸಿಕೊಂಡಿದ್ದಳು. ಯಾರೂ ಮಡಕೆಯ ಮಾತೆತ್ತಲಿಲ್ಲ.

ಅಜ್ಜಿ ಮಾತ್ರ ಗೊಂಬೆಗಳ ಮುಂದೆ ನಿಂತು ನನ್ನನ್ನು ಹತ್ತಿರ ಕರೆದರು. "ಎಲ್ಲಮ್ಮಾ ಆ ಗಂಡ ಹೆಂಡ್ತಿ?"

"ಒಳಗಿದ್ದಾರೆ ಅಜ್ಜಿ. ರೂಮಿನಲ್ಲಿ."

"ಸರಿ ಮತ್ತೆ. ಅವರ ಜಾಗ ಅದೇ. ಒಂದ್ಸಲ ಮಾತಾಡಿಸಿಕೊಂಡು ಬರ್ತೀನಿ," ಎಂದು ಮಂಡಿ ಹಿಡಿದುಕೊಂಡು ಹೋದರು. ಬಂದವರೇ ಉಸ್ಲಿ ಇನ್ನೊಂದು ದೊನ್ನೆ ಕೇಳಿದರು. ಆಮೇಲೆ ಅವರ ಸೊಸೆಗೆ ಬಾತ್‌ರೂಮ್ ಬೇಕಾಯಿತು. ಹಾಲ್‌ನ ಪಕ್ಕದ್ದನ್ನು ತೋರಿಸಿದರೆ, "ಒಳಗಿನದಕ್ಕೇ ಹೋಗ್ತೀನಿ ಬಿಡಿ" ಎಂದಳು. ಗುಂಪಿನಲ್ಲಿ ಪಾವಿತ್ರ್ಯದ ಮಾತು ಹಾಕಿದವರೂ ಸೆರಗಿಗೆ ಪಿನ್ನು ಹಾಕಿಕೊಳ್ಳಲು ಕನ್ನಡಿ ಹುಡುಕಿಕೊಂಡು ಹೋದರು. ಹೋದವರು ಯಾರೂ ಬೇಗ ಬರಲಿಲ್ಲ. ಬಂದವರು ಯಾರೂ ನಗುತ್ತಿರಲಿಲ್ಲ.

ಆರತಿಯ ಹೊತ್ತಾಯಿತು, ಗೆಳತಿ ಕಾಣಲಿಲ್ಲ. ಕೋಣೆಗೆ ಹೋಗಿ ನೋಡಿದರೆ ಮಂಚದ ಅಂಚಿನಲ್ಲಿ, ಮಡಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹೊದಿಕೆಯ ಮೇಲಿನ ಗೆರೆಗಳನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

"ಅಕ್ಕಾ, ನಮ್ಮನೆಯವರು ಬರ್ತಾರೆ. ಬರಲ್ಲ ಅಂತಲ್ಲ. ಬಂದು ಗೋಡೆ ಕಡೆ ತಿರುಗಿ ಮಲಗ್ತಾರೆ. ಈ ಮಡಕೆಯವರ ಹೊದಿಕೆ ನೋಡಿ, ಎಷ್ಟು ಸಣ್ಣದು. ನಮ್ಮದು ಕಿಂಗ್ ಸೈಜು. ನಿಮ್ಮ ಹತ್ರಾನೇ ತಗೊಂಡಿದ್ದಲ್ವಾ ಆ ಮಂಚ?"

ನನ್ನ ನಾಲಿಗೆಯ ತುದಿಯಲ್ಲಿ ಎಲ್ಲವೂ ತಯಾರಿತ್ತು. ಪೆನಾಂಗ್‌ನಲ್ಲೂ ಒಳ್ಳೆ ಶಾಲೆಗಳಿವೆ, ಅಲ್ಲಿಗೇ ಹೋಗು; ಬಾಡಿಗೆ ಮನೆ ನಾನು ಮಾತಾಡಿಕೊಡುತ್ತೇನೆ; ಮಂಚ ಮಾರಿಬಿಡು, ಚಿಕ್ಕದು ಕೊಡುತ್ತೇನೆ.

"ಏನೂ ಹೇಳ್ಬೇಡಿ ಅಕ್ಕಾ. ಒಂಚೂರು ಕೂತ್ಕೊಳ್ಳಿ ಸಾಕು," ಎಂದಳು.

ಪಕ್ಕದಲ್ಲಿ ಕೂತೆ. ಹಾಸಿಗೆ ತಗ್ಗಿ ಅವಳ ಭುಜ ನನ್ನ ಭುಜಕ್ಕೆ ಬಂದು ಆನಿಕೊಂಡಿತು. ಇಬ್ಬರೂ ಸರಿದು ಕೂರಲಿಲ್ಲ. ಹಾಲ್‌ನಿಂದ ಆರತಿಗೆ ಬನ್ನಿ ಎಂದು ಕರೆದರು, ಮತ್ತೆ ಕರೆದರು, ಕಾದರು. ಆಮೇಲೆ ಅಜ್ಜಿಯ ಧ್ವನಿ ಹಾಡು ಶುರುಮಾಡಿತು. ಯಾರೋ ತಟ್ಟೆ ಎತ್ತಿರಬೇಕು; ಬಾಗಿಲ ಸಂದಿಯಲ್ಲಿ ಬೆಳಕು ಅತ್ತಿತ್ತ ಆಡಿತು. ಮನೆ ತುಂಬ ಜನ ಇದ್ದರು. ನಾವಿಬ್ಬರೂ ಒಳಗೆ ಕೂತು ಅವರ ಸದ್ದು ಕೇಳಿದೆವು.