ಹೀಟರಿನ ಬಿರಡೆ

ಬಹರೈನಿನ ಗುಫೂಲಿನಲ್ಲಿದ್ದ ಮಗಳ ಮನೆಯ ಬಚ್ಚಲಿನಲ್ಲಿ ನೀರು ಕಾಯಿಸುವ ಹೀಟರನ್ನು ಗೋಡೆಗೆ ತೂಗುಹಾಕಿದ್ದರು. ಅದರ ನೇರ ಕೆಳಗೆ ಸ್ನಾನದ ತೊಟ್ಟಿ. ಆ ತೊಟ್ಟಿಯಲ್ಲಿ ದಿನವೂ ಬೆಳಿಗ್ಗೆ ನನ್ನ ಬಾಣಂತಿ ಮಗಳಿಗೆ, ಬಳಿಕ ಅವಳ ಹಸುಗೂಸಿಗೆ ನಾನು ನೀರು ಹೊಯ್ಯುತ್ತಿದ್ದೆ. ಕುದಿನೀರು ತುಂಬಿದ ಪೀಪಾಯಿಯೊಂದು ಮಗುವಿನ ನೆತ್ತಿಯ ಮೇಲೆ ನೇತಾಡುವುದು ಮೊದಲ ದಿನವೇ ನನಗೆ ಹಿಡಿಸಲಿಲ್ಲ. ಹಾಗೆಂದು ಹೇಳಿದೆ. ಅಳಿಯಂದಿರು ನಕ್ಕರು.

ಅವರ ನಗೆ ನನಗೆ ಹೊಸದಾಗಿರಲಿಲ್ಲ. ಬಾಣಂತಿ ಲೇಹ್ಯಕ್ಕೆಂದು ನಾನು ಊರಿನಿಂದ ಒಣಗಿಸಿ ತಂದಿದ್ದ ಬೇರು, ಓಮ, ಕರಿಮೆಣಸುಗಳ ಪೆಟ್ಟಿಗೆಯನ್ನು ವಿಮಾನ ನಿಲ್ದಾಣದಲ್ಲಿ ಎತ್ತುವಾಗಲೇ, "ಎಂತ ಅತ್ತೆ, ಇಡೀ ಅಂಗಡಿಯನ್ನೇ ಹೊತ್ತು ತಂದದ್ದಾ? ಅಂಗಡಿ ಇಲ್ಲಿಯೂ ಉಂಟಲ್ಲ!" ಎಂದಿದ್ದರು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರೂ ನಕ್ಕಿದ್ದರು. ಅದನ್ನು ನಾನು ಮರೆತಿಲ್ಲ.

ಹೀಟರಿನ ತಳದಲ್ಲಿ, ತಣ್ಣೀರು ಒಳಹೋಗುವ ಕೊಳವೆಗೆ ಹೊಂದಿಕೊಂಡು, ಹಿತ್ತಾಳೆಯ ಪುಟ್ಟ ವಾಲ್ವೊಂದಿತ್ತು. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ವಾಲ್ವನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹನಿ ಎಲ್ಲಿಂದ, ಯಾವಾಗ ಬರುತ್ತದೆಂದು ಕಾದು ನೋಡಿದೆ. ಹೀಟರಿನ ಕೆಂಪು ದೀಪ ಉರಿಯುವಾಗ ಮಾತ್ರ ಬರುತ್ತಿತ್ತು. ಕಾದ ನೀರು ಹಿಗ್ಗುತ್ತದೆ, ಹೆಚ್ಚಾದದ್ದನ್ನು ಹೊರಬಿಡಲು ಆ ವಾಲ್ವು; ಅಷ್ಟು ಯಾರಿಗಾದರೂ ಅರ್ಥವಾಗುವಂಥದ್ದು. ನನ್ನನ್ನು ಹೆದರಿಸಿದ್ದು ಬೇರೆ. ನೀರು ಇಳಿದುಹೋಗಲೆಂದೇ ವಾಲ್ವಿಗೊಂದು ಮೂತಿಯಿತ್ತು. ಮೂತಿ ಒಣಗಿತ್ತು. ಹನಿ ಬರುತ್ತಿದ್ದುದು ಮೇಲಿನ ಸಣ್ಣ ಹಿಡಿಕೆಯ ಬುಡದಿಂದ. ಮೂತಿಯೊಳಗೆ ಬೆರಳಿಟ್ಟು ನೋಡಿದೆ. ಬಿಳಿಯ ಟೇಪು ಸುತ್ತಿದ ಬಿರಡೆಯೊಂದನ್ನು ತಿರುಗಿಸಿ ಬಿಗಿದಿದ್ದರು.

"ಅದಾ? ನಾನೇ ಹಾಕಿದ್ದು ಅತ್ತೆ," ಎಂದರು ಅಳಿಯಂದಿರು. "ಬೇಸಿಗೆಯಲ್ಲಿ ಹೀಟರ್ ಆಫ್ ಇದ್ರೂ ಟಪ್ ಟಪ್ ಅಂತ ತಲೆ ತಿಂತಿತ್ತು."

ಬಹರೈನಿನ ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕಿನ ನೀರು ಮೈಗೆ ಹೊಯ್ದುಕೊಳ್ಳಲಾಗದಷ್ಟು ಸುಡುತ್ತದೆ. ಆಗ ಎಲ್ಲರೂ ಹೀಟರನ್ನು ಆರಿಸಿಬಿಡುತ್ತಾರೆ. ಮನೆಯೊಳಗಿನ ನೆರಳಿನಲ್ಲಿ ಅದರ ನೀರು ಆರಿ ತಣ್ಣಗಾಗುತ್ತದೆ. ಬಿಸಿನೀರಿನ ನಲ್ಲಿ ತಿರುಗಿಸಿ ತಣ್ಣೀರಿನಲ್ಲಿ ಮೀಯುತ್ತಾರೆ. ಆರಿದ ಹೀಟರಿಗೆ ಬಿರಡೆ ಹಾಕಿದರೂ ಬಾಧಕವಿಲ್ಲವೆಂದೇ ಇಟ್ಟುಕೊಳ್ಳೋಣ. ಆದರೆ ಚಳಿ ಬಂತು, ಸ್ವಿಚ್ಚು ಒತ್ತಿದರು, ಬಿರಡೆಯನ್ನು ಮರೆತರು.

"ಬೇಸಿಗೆಯ ಬಿರಡೆ ಚಳಿಗೂ ಆಗ್ತದಾ?" ಎಂದು ಕೇಳಿದೆ.

"ಅತ್ತೆ, ಇದು ನಿಮ್ಮ ಊರಿನ ಹಂಡೆ ಅಲ್ಲ. ಥರ್ಮೋಸ್ಟಾಟ್ ಉಂಟು. ಬಿಸಿ ಆದ ಕೂಡ್ಲೆ ತನ್ನಷ್ಟಕ್ಕೆ ಆಫ್ ಆಗ್ತದೆ. ಸುಮ್ಮನೆ ಬಾಣಂತಿಗೆ ಹೆದರಿಕೆ ಹುಟ್ಟಿಸ್ಬೇಡಿ ನೀವು."

ಬಾಣಂತಿಗೆ ಹೆದರಿಕೆ ಹುಟ್ಟಿಸುವವಳು ನಾನು! ಊರಿನ ಹಂಡೆಯ ಬಾಯಿ ತೆರೆದಿರುತ್ತದೆ. ಎಷ್ಟು ಕುದಿದರೂ ಅದು ಉಸಿರಾಡುತ್ತದೆ. ಬಾಯಿ ಕಟ್ಟಿದ ಪಾತ್ರೆ ಏನು ಮಾಡುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನ್ನ ನಾದಿನಿ, ಸೀಟಿಯ ಸದ್ದಿಗೆ ತೊಟ್ಟಿಲಿನ ಕೂಸು ಏಳುತ್ತದೆಂದು, ಕುಕ್ಕರಿನ ವೆಯ್ಟಿನ ಮೇಲೆ ಬಟ್ಟೆ ಸುತ್ತಿದ ಗುಂಡುಕಲ್ಲನ್ನು ಹೇರಿಟ್ಟಿದ್ದಳು. ಅಡುಗೆಮನೆಯ ಹಂಚು ಒಡೆದು ಆಕಾಶ ಕಂಡಿತ್ತು. ಅವಳ ಕೊರಳ ಕಲೆಯನ್ನು ಸೆರಗಿನಿಂದ ಮುಚ್ಚುವುದಕ್ಕೆ ಆಗುತ್ತಿರಲಿಲ್ಲ.

ಆಮೇಲೆ ಆ ಬಚ್ಚಲಿನಲ್ಲಿ ನನಗೆ ನೆಮ್ಮದಿಯಿರಲಿಲ್ಲ. ಬಕೆಟಿಗೆ ನೀರು ಹಿಡಿದು, ಸ್ವಿಚ್ಚು ಆರಿಸಿದ ಮೇಲಷ್ಟೇ ಮಗುವನ್ನು ಒಳಗೆ ಒಯ್ಯುತ್ತಿದ್ದೆ. ಮಡಿಲಿನಲ್ಲಿ ಮಗು, ಕೈಯಲ್ಲಿ ಚೊಂಬು, ಕಿವಿ ಮಾತ್ರ ಮೇಲೆ. "ಎಂತಕ್ಕಮ್ಮ ಇಷ್ಟು ಗಡಿಬಿಡಿ?" ಎಂದು ಮಗಳು ಕೇಳಿದರೆ ನೀರು ಆರುತ್ತದೆ ಎನ್ನುತ್ತಿದ್ದೆ. ಹೆದರಿಕೆ ಹುಟ್ಟಿಸಬಾರದಲ್ಲ.

ರಜೆಯ ಬೆಳಿಗ್ಗೆಯೊಂದು ಬಂತು. ಅಳಿಯಂದಿರು ನನಗಿಂತ ಮೊದಲೇ ಎದ್ದು ಸ್ವಿಚ್ಚು ಹಾಕಿದ್ದರು. ನಾನು ತಿಂಡಿ ಮುಗಿಸಿ ಬರುವಾಗಲೂ ಕೆಂಪು ದೀಪ ಆರಿರಲಿಲ್ಲ. ಒಳಗಿನಿಂದ, ಮುಚ್ಚಿದ ಪಾತ್ರೆಯಲ್ಲಿ ಕಲ್ಲುಗಳು ಹೊರಳಿದಂತಹ ಸದ್ದು. ಹಿಡಿಕೆಯ ಬುಡದಲ್ಲಿ ಈಗ ಹನಿಯಿರಲಿಲ್ಲ. ನೂಲಿನಂತೆ ಸಣ್ಣಗೆ ಹಬೆ ಚಿಮ್ಮುತ್ತಿತ್ತು. ಸ್ವಿಚ್ಚು ಬಾಗಿಲಿನ ಹೊರಗಿತ್ತು. ಆರಿಸಿ, ಅದರ ಮೇಲೆಯೇ ಕೈಯಿಟ್ಟು ನಿಂತೆ. ಅಷ್ಟರಲ್ಲಿ ಮಗಳು ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ಬಂದಳು.

"ಒಳಗೆ ಹೋಗ್ಬೇಡ."

"ಅಮ್ಮ, ಪುನಃ ಶುರು ಮಾಡಿದ್ಯಾ?"

"ಹೋಗ್ಬೇಡ ಅಂದ್ರೆ ಹೋಗ್ಬೇಡ!"

ಗದ್ದಲ ಕೇಳಿ ಅಳಿಯಂದಿರು ಬಂದರು. "ಸ್ವಲ್ಪ ಬದಿಗೆ ನಿಲ್ಲಿ ಅತ್ತೆ, ನಾನು ತೋರಿಸ್ತೇನೆ," ಎಂದು ಒಳಗೆ ಕೈಚಾಚಿ, ಗೋಡೆಯ ಬಿಸಿನೀರಿನ ನಲ್ಲಿಯನ್ನು ತುಸುವೇ ತಿರುಗಿಸಿದರು. ನೀರು ಬರಲಿಲ್ಲ. ನಲ್ಲಿ ಗರ್ಜಿಸಿ ಹಬೆಯನ್ನು ಉಗುಳಿತು. ಕನ್ನಡಿ ಕಾಣದಾಯಿತು. ಅಳಿಯಂದಿರು ಹಿಂದಕ್ಕೆ ಹಾರಿದ ರಭಸಕ್ಕೆ ನನ್ನ ಕಾಲು ತುಳಿದರು.

ಅನಂತರ ಯಾರೂ ವಾದಿಸಲಿಲ್ಲ. ಪಕ್ಕದ ಮನೆಯವರ ಬಾಗಿಲು ಬಡಿದು ಅವರನ್ನೂ ಹೊರಡಿಸಿ ಎಂದೆ, ಅಳಿಯಂದಿರು ಓಡಿದರು. ನಾವು ಕಾರಿನಲ್ಲಿ ಕುಳಿತೆವು. ಬಡಗಣ ಗಾಳಿ ಗಾಜಿಗೆ ಮರಳು ತೂರುತ್ತಿತ್ತು. ಮಗು ಮೀಯದೆ, ಎಣ್ಣೆ ಹಚ್ಚಿದ ಮೈಯಲ್ಲಿ, ನನ್ನ ಶಾಲಿನೊಳಗೆ ನಿದ್ದೆಹೋಯಿತು. ಮೇಲಿನ ಬಚ್ಚಲಿನ ಕಿಟಕಿಯಿಂದ ನಾನು ಕಣ್ಣು ತೆಗೆಯಲಿಲ್ಲ. ಅದು ಈಗ ಸಿಡಿಯುತ್ತದೆ, ಈಗ ಸಿಡಿಯುತ್ತದೆ ಎಂದೇ ಕಾದೆ.

ಸಲ್ಮಾಬಾದಿನಿಂದ ಪ್ಲಂಬರ್ ಬಂದ. ಬಿರಡೆಯನ್ನು ನೋಡಿದವನೇ ಸ್ಟೂಲಿನಿಂದ ಇಳಿದು, "ಯೇ ಕಿಸ್ನೇ ಲಗಾಯಾ?" ಎಂದು ಕೇಳಿದ. ಯಾರು ಹಾಕಿದ್ದೆಂಬ ಆ ಪ್ರಶ್ನೆಗೆ ಅಳಿಯಂದಿರು ತಮ್ಮ ಫೋನನ್ನು ನೋಡುತ್ತ ನಿಂತರು. ಹೀಟರ್ ಪೂರ್ತಿ ಆರುವವರೆಗೆ ಅವನು ಅದನ್ನು ಮುಟ್ಟಲಿಲ್ಲ. ಥರ್ಮೋಸ್ಟಾಟ್ ಅಂಟಿಕೊಂಡು ಕೆಟ್ಟಿತ್ತು. ಅದನ್ನೂ ವಾಲ್ವನ್ನೂ ಬದಲಿಸಿ, ಮೂತಿಗೆ ಒಂದು ನಳಿಗೆ ಸಿಕ್ಕಿಸಿ, ಅದರ ತುದಿಯನ್ನು ಕಾಣುವಂತೆ ನೆಲದಲ್ಲಿ ನೀರು ಹರಿದುಹೋಗುವ ತೂತಿನ ಮೇಲೆ ಬಿಟ್ಟು ಹೋದ.

"ತಪ್ಪಾಯ್ತು ಅತ್ತೆ" ಎಂಬ ಮಾತು ಆ ದಿನ ಬರಲಿಲ್ಲ. ಈವರೆಗೂ ಬಂದಿಲ್ಲ. ಬಿರಡೆಯನ್ನು ನಾನು ಊರಿಗೆ ತಂದಿಟ್ಟುಕೊಂಡಿದ್ದೇನೆ.

ವಾಲ್ವು ಹೊಸದಾದರೂ ಹೆದರಿಕೆ ಹೋಗಲಿಲ್ಲ. ಕೆಂಪು ದೀಪ ಹೊತ್ತಿದ ಮೇಲೆ ನಳಿಗೆಯಿಂದ ಮೊದಲ ಹನಿ ಬೀಳುವ ತನಕ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಬಚ್ಚಲಿನ ಹೊರಗೆ ಎಣ್ಣೆ ತಿಕ್ಕುತ್ತಿದ್ದೆ. ಒಂದು ದಿನ ಹನಿ ತಡವಾಯಿತು. ಎಣ್ಣೆ ಮುಗಿಯಿತು, ಕೈ ನಿಲ್ಲಲಿಲ್ಲ. ಕೆಲಸಕ್ಕೆ ಹೊರಟಿದ್ದ ಅಳಿಯಂದಿರು ನನ್ನನ್ನು ನೋಡಿದರು, ಬೂಟು ಬಿಚ್ಚಿ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು.

"ಬಿತ್ತಾ ಅತ್ತೆ?"

"ಇನ್ನೂ ಇಲ್ಲ."

ಅವರು ಎದ್ದು ಸ್ವಿಚ್ಚು ಆರಿಸಿದರು. ನಗಲಿಲ್ಲ.